ಬೇಸಿಗೆ ಶಿಬಿರವೂ ನನ್ನ ಬಿಸಿ ರೊಟ್ಟಿಯೂ

ಮಕ್ಕಳನ್ನು ಚರ್ಚಿನವರ ಬೇಸಿಗೆ ಶಿಬಿರಕ್ಕೆ ಕಳಿಸಬೇಕೆಂದಿರುವ ತಂದೆತಾಯಿಗಳು ಮೊದಲೇ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ಟೋಪಿ, ಟಾರ್ಚು, ಸೊಳ್ಳೆಯ ಮುಲಾಮು ಇವನ್ನೆಲ್ಲ ಶಿಬಿರದವರೇ ಹೇಳುತ್ತಾರೆ. ನಿಜವಾಗಿ ಹೇಳಬೇಕಾದದ್ದನ್ನು ಯಾರೂ ಹೇಳದಿರುವುದರಿಂದ, ಲೋಕಕಲ್ಯಾಣಾರ್ಥವಾಗಿ ಆ ಭಾರ ನನ್ನ ಮೇಲೆ ಬಿದ್ದಿದೆ. ತಂದೆಯಂದಿರು ಗಮನವಿಟ್ಟು ಓದಬೇಕು. ತಾಯಂದಿರು ಓದದಿದ್ದರೂ ನಡೆಯುತ್ತದೆ. (ಓದದಿದ್ದರೇ ಒಳ್ಳೆಯದು.)

ನಾನು ತಾಯಣ್ಣ, ರಾಯಚೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ಹೆಂಡತಿ ಮೌನೇಶ್ವರಿ (ಮೌನ ಇರುವುದು ಹೆಸರಿನಲ್ಲಿ ಮಾತ್ರ), ಆರನೇ ತರಗತಿ ಮುಗಿಸಿದ ಮಗಳು ರಾಧಾ, ಮತ್ತು ಬೇಸಿಗೆ ಕಳೆಯಲು ಅರಕೇರಾದಿಂದ ಬಂದಿರುವ ನನ್ನ ತಾಯಿ ಅಮರಮ್ಮ. ಏಪ್ರಿಲ್‌ನಲ್ಲಿ ರಾಯಚೂರು ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ, ಬೇರೆಯವರು ಹೇಳಿದರೂ ನಂಬುವುದಿಲ್ಲ. ಮನೆಗೆಲ್ಲ ಇರುವುದು ಒಂದೇ ಕೂಲರು. ಅದರ ಬಾಯಿಗೆ ಅಡ್ಡವಾಗಿ ಮಗಳು ಮೊಬೈಲ್ ಹಿಡಿದು ಮಲಗಿದಳೆಂದರೆ ನಮ್ಮ ಪಾಲಿಗೆ ಬರುವುದು ಅದರ ಸದ್ದು ಮಾತ್ರ. ಆಗಲೇ ಮಾನ್ವಿ ಕಡೆಯ ಚರ್ಚಿನವರು ಹತ್ತು ದಿನದ ಶಿಬಿರ ಮಾಡುತ್ತಾರೆಂಬ ಸುದ್ದಿ ಬಂತು. ಇಂಗ್ಲಿಷ್, ಆಟ, ಹಾಡು, ಶಿಸ್ತು. ಶಿಸ್ತು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಕಣ್ಣು ತುಂಬಿ ಬಂತು.

ಎಚ್ಚರಿಕೆ ಕೊಡುವವರಿಗೇನೂ ಕೊರತೆಯಾಗಲಿಲ್ಲ. ಪಕ್ಕದ ಮೇಜಿನ ಕಿರಣಕುಮಾರ ಕುರ್ಚಿ ಎಳೆದುಕೊಂಡು ಬಂದು, ಹುಡುಗಿಯ ಧರ್ಮವನ್ನೇ ಬದಲಿಸಿಬಿಡುತ್ತಾರೆ ಎಂದು ಪಿಸುಗುಟ್ಟಿದ. (ಅವನ ಇಬ್ಬರು ಮಕ್ಕಳೂ ವರ್ಷವಿಡೀ ಓದುವುದು ಚರ್ಚಿನವರ ಶಾಲೆಯಲ್ಲೇ. ಅಲ್ಲಿ ಸೀಟು ಸಿಗಲೆಂದು ಅವನು ಹರಕೆ ಹೊತ್ತದ್ದು ಇಡೀ ಕಚೇರಿಗೆ ಗೊತ್ತು.) ನಮ್ಮವ್ವನ ಚಿಂತೆ ಧರ್ಮದ್ದಲ್ಲ, ಎರಡು ಹೊತ್ತೂ ಬ್ರೆಡ್ಡು ತಿನ್ನಿಸಿ ಕೂಸನ್ನು ಒಣಗಿಸುತ್ತಾರೆಂಬುದು. ಮೌನೇಶ್ವರಿ ಮಾತ್ರ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಒಂದೇ ಮಾತು ಹೇಳಿದಳು.

"ಶಿಸ್ತು ಕಲಿಸ್ತಾರಂದ್ರ ಆಕಿನೊಬ್ಬಾಕಿನ್ಯಾಕ ಕಳಸ್ತೀರಿ? ನೀವೂ ಹೋಗಿ ಬರ್ರಿ."

ಇಂಥ ಮಾತನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವ ಜಾಯಮಾನ ನನ್ನದಲ್ಲ. ಮಗಳನ್ನು ಬಸ್ಸು ಹತ್ತಿಸಿ ಬಂದು ಕೂಲರಿನ ಮುಂದೆ ಕೈಕಾಲು ಚಾಚಿ ಮಲಗಿದೆ.

ಇಲ್ಲಿ ನನ್ನ ಊಟದ ವಿಷಯ ಸ್ವಲ್ಪ ಹೇಳಬೇಕು. ನಾನು ದೊಡ್ಡ ಆಸೆಗಳ ಮನುಷ್ಯನಲ್ಲ. ಬಡ್ತಿ ಬರದಿದ್ದರೂ ಬೇಸರವಿಲ್ಲ, ಜೋಳದ ರೊಟ್ಟಿ ಮಾತ್ರ ಬಿಸಿಯಾಗಿರಬೇಕು. ಅಡುಗೆಮನೆಯ ಹೊಸ್ತಿಲ ಬಳಿ ತಾಟು ಇಟ್ಟುಕೊಂಡು ನಾನು ಕೂರುತ್ತೇನೆ. ಒಳಗೆ ಮೌನೇಶ್ವರಿ ಪಟಪಟ ಬಡಿಯುತ್ತಾಳೆ. ರೊಟ್ಟಿ ಹಂಚಿನ ಮೇಲೆ ಉಬ್ಬಿ, ಉಬ್ಬಿದ್ದು ಇಳಿಯುವ ಮೊದಲೇ ತಾಟಿಗೆ ಬೀಳಬೇಕು. ಬೆರಳಿನಿಂದ ಚುಚ್ಚಿದರೆ ಹಬೆ ಬರಬೇಕು. ಆ ಹಬೆಯಲ್ಲೇ ಪುಂಡಿಪಲ್ಲೆಯನ್ನೂ ಶೇಂಗಾ ಚಟ್ನಿಯನ್ನೂ ಮುಗಿಸಿ, ತಾಟು ಬಡಿದು "ಬಿಸೀದು ಬರ್ಲಿ" ಎಂದರೆ ಇನ್ನೊಂದು ಬರಬೇಕು. ಮದುವೆಯಾದ ದಿನದಿಂದ ನಡೆದು ಬಂದ ಘನವಾದ ಪರಂಪರೆ ಇದು. ಹೆಂಡತಿ ಆಮೇಲೆ ಏನು ಉಣ್ಣುತ್ತಾಳೆಂದು ನಾನು ಕೇಳಿದವನಲ್ಲ, ಬೇರೆಯವರ ಖಾಸಗಿ ವಿಷಯದಲ್ಲಿ ತಲೆಹಾಕುವುದು ನನ್ನ ಸ್ವಭಾವವೇ ಅಲ್ಲ.

ಹತ್ತು ದಿನ ಮುಗಿಸಿ ರಾಧಾ ಬಂದಳು. ನಾನೂ ಅವ್ವನೂ ಅವಳನ್ನು ಬೆಳಕಿಗೆ ನಿಲ್ಲಿಸಿ ತಪಾಸಣೆ ನಡೆಸಿದೆವು. ಹಣೆಯ ಬೊಟ್ಟು ಹಣೆಯಲ್ಲೇ ಇತ್ತು, ಕೊರಳ ತಾಯತ ಕೊರಳಲ್ಲೇ ಇತ್ತು, ಮೈಕೈ ತುಂಬಿಕೊಂಡು ಕೆನ್ನೆ ಉಬ್ಬಿತ್ತು. ಯಾರ ಧರ್ಮಕ್ಕೂ ಗೀರು ಕೂಡ ಆಗಿರಲಿಲ್ಲ. ಮರುದಿನವೇ ಕಿರಣಕುಮಾರನ ಮುಖಕ್ಕೆ ಇದನ್ನು ಹೇಳಬೇಕೆಂದುಕೊಂಡು ಖುಷಿಯಾಗಿ ಊಟಕ್ಕೆ ಕೂತೆ. ಮೊದಲ ರೊಟ್ಟಿ ಬಿತ್ತು. ಬೆರಳು ಚಾಚಿದೆ. ಮಗಳು ಕೈ ಹಿಡಿದುಕೊಂಡಳು.

"ಪಪ್ಪಾ, ಮಮ್ಮಿ ಇನ್ನಾ ಕುಂತಿಲ್ಲ."

"ಆಕಿ ಕುಂತ್ರ ರೊಟ್ಟಿ ಯಾರು ಮಾಡ್ಬೇಕು?"

"ಎಲ್ಲಾ ಮಾಡಿ ಮುಗಿಸ್ಲಿ. ಆಮ್ಯಾಲ ಕೂಡಿ ಉಣ್ಣೋಣು. ಶಿಬಿರದಾಗ ಅಡಿಗಿ ಮಾಡಿದ ಅಕ್ಕ ಕುಂದ್ರೂತನಕ ಫಾದರ್ ಸೈತ ತಾಟಿಗೆ ಕೈ ಹಚ್ತಿದ್ದಿಲ್ಲ."

ಕಣ್ಣೆದುರೇ ನನ್ನ ರೊಟ್ಟಿಯ ಹೊಟ್ಟೆ ಇಳಿಯಿತು. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಬಂದು ಬಿದ್ದವು. ಕೂಲರಿನ ಗಾಳಿಗೆ ಜೋಳದ ರೊಟ್ಟಿ ಇಟ್ಟರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಗೊತ್ತು, ಅದನ್ನು ಹಲಗೆಯಂತೆ ಬಾರಿಸಬಹುದು. ಕೊನೆಗೆ ಮೌನೇಶ್ವರಿ ಬಂದು ಕೂತ ಮೇಲೂ ಊಟವಿಲ್ಲ, ಮೊದಲು ಕೃತಜ್ಞತೆ ಹೇಳಬೇಕಂತೆ. ಯಾವ ದೇವರಿಗೆ ಬೇಕಾದರೂ ಹೇಳಬಹುದಂತೆ. ಅವ್ವ ಅರಕೇರಾದ ಮಾರೆಮ್ಮನಿಗೆ ಹೇಳಿದಳು. ರಾಧಾ ಕಣ್ಣು ಮುಚ್ಚಿ ಜೋಳ ಬಿತ್ತಿದವರಿಗೆ, ಕೊಯ್ದವರಿಗೆ, ಗಿರಣಿಯವನಿಗೆ, ಸಿಲಿಂಡರ್ ಹೊತ್ತು ತಂದವನಿಗೆ, ಬಡಿದ ಮಮ್ಮಿಗೆ ಹೇಳಿದಳು. ಆ ಜೋಳ ತಂದವನು ನಾನು ಎಂದು ಸಭೆಗೆ ನೆನಪಿಸಿದೆ. ಅವಳು ಮತ್ತೆ ಕಣ್ಣು ಮುಚ್ಚಿ, "ಮತ್ತ ಸುಮ್ನ ಕಾದು ಕುಂತ ಪಪ್ಪಾಗ" ಎಂದು ಸೇರಿಸಿದಳು.

ಒಂದೆರಡು ದಿನದಲ್ಲಿ ಅಮಲು ಇಳಿಯುತ್ತದೆಂದುಕೊಂಡೆ, ಇಳಿಯಲಿಲ್ಲ. ಅವ್ವನನ್ನು ನನ್ನ ಪಕ್ಷಕ್ಕೆ ಎಳೆಯಲು ನೋಡಿದೆ. ನಮ್ಮ ಮನೆತನದಲ್ಲಿ ಗಂಡಸರು ಮೊದಲು ಉಣ್ಣುವುದಲ್ಲವೇ, ನಿನ್ನ ಕಾಲದಲ್ಲಿ ಹೀಗಿತ್ತೇ ಎಂದು ಎಲ್ಲರೆದುರಿಗೇ ಕೇಳಿದೆ. ಅವ್ವ ತನ್ನ ತಾಟು ತಂದು ಸೊಸೆಯ ಪಕ್ಕಕ್ಕೆ ಇಟ್ಟುಕೊಂಡಳು.

"ನಿಮ್ಮಪ್ಪ ಇರೂತನಕ ಬಿಸಿ ರೊಟ್ಟಿ ಕೈಲೆ ಬಡದೀನಿ, ಬಾಯಾಗ ಇಟ್ಟಿಲ್ಲ. ಯಾರಾರ ಒಬ್ಬರು 'ನೀನೂ ಕುಂದ್ರು' ಅಂದಿದ್ದರ ಅವತ್ತೇ ಕುಂದ್ರತಿದ್ದೆ. ನೀ ಸುಮ್ನ ಉಣ್ಣಲೇ, ತಾಯಣ್ಣ."

ಮನೆಯಲ್ಲಿ ಬಹುಮತ ಹೋಯಿತು. ಮರುದಿನ ಕಚೇರಿಯಿಂದಲೇ ಶಿಬಿರದ ಸಿಸ್ಟರಿಗೆ ಫೋನು ಮಾಡಿದೆ. ನಿಮ್ಮ ನಿಯಮ ಬಹಳ ಉದಾತ್ತವಾದದ್ದು, ಆದರೆ ಅದು ಬ್ರೆಡ್ಡಿಗೆ ಹೊಂದುತ್ತದೆ, ರೊಟ್ಟಿಗೆ ಹೊಂದುವುದಿಲ್ಲ ಎಂದು ವಿನಯವಾಗಿ ಅರಿಕೆ ಮಾಡಿಕೊಂಡೆ. ಸಿಸ್ಟರ್ ಅಷ್ಟೇ ವಿನಯವಾಗಿ ಉತ್ತರ ಕೊಟ್ಟರು.

"ಆ ನಿಯಮ ನಮ್ಮಲ್ಲಿ ಮೊದಲು ಇರಲೇ ಇಲ್ಲ, ಸರ್. ನಿಮ್ಮ ಮಗಳು ಬಂದ ದಿನವೇ ತಟ್ಟೆ ಬಡಿದು 'ಬಿಸೀದು ಬರ್ಲಿ' ಅಂತ ಅಡುಗೆಯವರಿಗೆ ಕೂಗಿದಳು. ಕೇಳಿದರೆ, ನಮ್ಮ ಮನೆಯಲ್ಲಿ ಕೂಗುವುದೇ ಹೀಗೆ ಅಂದಳು. ಅದಕ್ಕೇ ಈ ನಿಯಮ ಮಾಡಿದೆವು."

ಅಂದರೆ ನನ್ನ ಬಿಸಿ ರೊಟ್ಟಿಯನ್ನು ಕಸಿದುಕೊಂಡ ಕಾಯ್ದೆಯ ಮೂಲಪುರುಷ ನಾನೇ. ಆದರೂ ಎದೆಗುಂದದೆ, ಆ ನಿಯಮ ಶಿಬಿರಕ್ಕಷ್ಟೇ ಎಂದು ನೀವೇ ಒಮ್ಮೆ ಅವಳಿಗೆ ತಿಳಿಸಬೇಕೆಂದು ಬೇಡಿಕೊಂಡೆ. ಬಿಡುವಾದಾಗ ಮನೆಗೇ ಫೋನು ಮಾಡಿ ಹೇಳುತ್ತೇನೆ ಎಂದರು.

ಅವರ ಬಿಡುವು ಬರುವತನಕ ಕಾಯುವ ಹಲ್ಲು ನನಗಿರಲಿಲ್ಲ, ಆರಿದ ರೊಟ್ಟಿ ಕಡಿದು ಕಡಿದು ದವಡೆ ನೋಯತೊಡಗಿತ್ತು. ಭಾನುವಾರ ಸ್ನಾನ ಮಾಡುವಾಗ ಒಂದು ದಿವ್ಯವಾದ ಯೋಚನೆ ಹೊಳೆಯಿತು. ಇಡೀ ಮನೆಯಲ್ಲಿ ಈಗ ಬಿಸಿ ರೊಟ್ಟಿ ಕೈಗೆಟಕುವುದು ಯಾರಿಗೆ? ಹಂಚಿನ ಮುಂದೆ ನಿಂತವರಿಗೆ! ಅಲ್ಲೇ ಬೇಯಿಸಿ, ಅಲ್ಲೇ ಗೋಡೆಯ ಕಡೆ ತಿರುಗಿ ಬಾಯಿಗೆ ಹಾಕಿಕೊಂಡರೆ ಕೇಳುವವರಾರು? ಒದ್ದೆ ತಲೆಯಲ್ಲೇ ಬಂದು, ಇವತ್ತಿನ ರೊಟ್ಟಿ ನನ್ನದು, ನೀನು ದಣಿದಿದ್ದೀ ಎಂದು ಘೋಷಿಸಿದೆ. ಮೌನೇಶ್ವರಿ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ, ಹಿಟ್ಟಿಗೆ ಎಸರು ಹಾಕಿ ನಾದುವುದನ್ನು ತೋರಿಸಿಕೊಟ್ಟು ಹೊರಗೆ ಹೋದಳು.

ಮೇ ತಿಂಗಳಿನಲ್ಲಿ, ರಾಯಚೂರಿನಲ್ಲಿ, ಬೆಂಕಿಯ ಮುಂದೆ. ಮೊದಮೊದಲಿನ ರೊಟ್ಟಿಗಳು ಕೈಯಲ್ಲೇ ಹರಿದವು, ಆಮೇಲಿನವು ಹಂಚಿಗೆ ಅಂಟಿ ಕರಕಲಾದವು. ಬೆವರು ಕಣ್ಣಿಗಿಳಿದು ಉರಿಯಿತು, ಅಂಗೈ ಚುರುಗುಟ್ಟಿತು. ಕೊನೆಗೂ ಒಂದು ರೊಟ್ಟಿ, ನಿಜವಾಗಿ ನಂಬಿ, ಉಬ್ಬಿತು. ನಾನು ಗೋಡೆಗೆ ತಿರುಗಿ ಅದನ್ನು ಚುಚ್ಚಿದೆ. ಹಬೆ ಬಂತು. ತುತ್ತು ಮುರಿದು ಊದುತ್ತಿದ್ದೆ, ಅಷ್ಟರಲ್ಲಿ ಹೊರಗೆ ಫೋನು ರಿಂಗಾಯಿತು. "ಹೂಂ ಸಿಸ್ಟರ್, ಆಯ್ತು ಸಿಸ್ಟರ್" ಎಂಬ ಧ್ವನಿಯ ಹಿಂದೆಯೇ ರಾಧಾ ಅಡುಗೆಮನೆಯ ಬಾಗಿಲಿಗೆ ಬಂದಳು.

"ಪಪ್ಪಾ, ಇನ್ನ ಯಾರೂ ಕಾಯೂದು ಬ್ಯಾಡಂತ. ಆ ನಿಯಮ ಶಿಬಿರಕ್ಕಷ್ಟ ಅಂತ. ಮನ್ಯಾಗ ಮನಿ ಪದ್ಧತಿನ ನಡೀಲಿ ಅಂದ್ರು ಸಿಸ್ಟರ್."

ಮನೆಯ ಪದ್ಧತಿ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಮೌನೇಶ್ವರಿ ತಾಟು ತಂದು ಹೊಸ್ತಿಲ ಬಳಿ, ನನ್ನ ಜಾಗದಲ್ಲೇ ಕೂತಳು. ಅವಳ ಪಕ್ಕ ಅವ್ವ, ಅವ್ವನ ಪಕ್ಕ ಮಗಳು. ನಾನು ಊದುತ್ತಿದ್ದ ತುತ್ತನ್ನು ರೊಟ್ಟಿಯ ಮೇಲೇ ಇಟ್ಟು ಮೌನೇಶ್ವರಿಯ ತಾಟಿಗೆ ಹಾಕಿದೆ. ಅವಳು ಆ ಹಬೆಯ ಮೇಲೆ ಸ್ವಲ್ಪ ಹೊತ್ತು ಕೈ ಹಿಡಿದುಕೊಂಡು ಕೂತಳು, ಒಂದು ಮಾತೂ ಆಡಲಿಲ್ಲ. ಹೆಸರಿಗೆ ತಕ್ಕ ಹಾಗೆ ಅವಳು ಇದ್ದದ್ದನ್ನು ನಾನು ಕಂಡದ್ದು ಅವತ್ತೇ. ಮುಂದಿನದನ್ನು ಅವ್ವ ತಿಂದು, ದಪ್ಪ ಆಗಿದೆ ಎಂದಳು, ಆದರೆ ಬಿಡಲಿಲ್ಲ.

ಅವರೆಲ್ಲ ಎದ್ದ ಮೇಲೆ ನನ್ನ ಪಾಲಿಗೆ ಉಳಿಯಬಹುದಾದದ್ದು ಆ ಹರಿದವು, ಕರಕಲಾದವು. ಅವು ಆಗಲೇ ಪೂರ್ತಿ ಆರಿದ್ದವು. ಆ ಕಡೆಯೇ ನೋಡುತ್ತ ನಿಂತಿದ್ದೆ, ಹಿಂದಿನಿಂದ ತಾಟು ಬಡಿದ ಸದ್ದಾಯಿತು.

"ಬಿಸೀದು ಬರ್ಲಿ," ಎಂದಳು ಮೌನೇಶ್ವರಿ.

ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದೆ.