ಸರದಾರನ ಬಾಲದ ಕೂದಲು

ಊನವಿಲ್ಲದ ಜೀವ ಈ ಲೋಕದಲ್ಲಿ ಉಂಟೇ ಎಂದು ಯಾರಾದರೂ ಕೇಳಿದರೆ ಅವರನ್ನು ದೇಶಪಾಂಡೆ ನಗರದ ನಮ್ಮ ಕಚೇರಿಗೆ ಕಳಿಸಿಕೊಡಿ. ಬಟ್ಟೆ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ನಡೆಯುವ ಖಿಲಾರಿ ದನ ಸಾಕುವವರ ಸಂಘಕ್ಕೆ ನಾನು ಕಾರ್ಯದರ್ಶಿ. ಅಂದರೆ ಬೀಗ ತೆಗೆಯುವವನು, ಕಸ ಗುಡಿಸುವವನು, ಪತ್ರ ಬರೆಯುವವನು ಎಲ್ಲ ನಾನೇ. ಶುದ್ಧ ತಳಿಯ ದನಗಳಲ್ಲಿ ವಂಶದಿಂದ ಬರುವ ಊನಗಳನ್ನು ಮಾಲೀಕರು ತಾವಾಗಿಯೇ ತಿಳಿಸಬೇಕೆಂದು ನಿಯಮ ಮಾಡಿ, ಅದಕ್ಕೊಂದು ದಪ್ಪ ರಿಜಿಸ್ಟರು ತಂದಿಟ್ಟು ಎರಡು ವರ್ಷವಾಗಿತ್ತು. ಅದರಲ್ಲಿ ಇದ್ದದ್ದು ಪೆನ್ನು ಮೂಡುತ್ತದೋ ಇಲ್ಲವೋ ಎಂದು ನೋಡಲು ನಾನೇ ಎಳೆದ ಒಂದು ಸುರುಳಿ, ಅಷ್ಟೇ. ನಮ್ಮ ಸದಸ್ಯರ ಕೊಟ್ಟಿಗೆಗಳಲ್ಲಿ ಊನವೆಂಬುದೇ ಇಲ್ಲ. ಕರು ಕುರುಡಾಗಿ ಹುಟ್ಟಿದರೆ ಗ್ರಹಣ ಕಾರಣ, ದವಡೆ ಗಿಡ್ಡವಾದರೆ ಯಾರದೋ ಕಣ್ಣು ಬಿದ್ದದ್ದು ಕಾರಣ, ಎರಡೂ ಅಲ್ಲವಾದರೆ ಪಕ್ಕದ ಮನೆಯವರ ಆಕಳು ಕಾರಣ.

ಮುಚ್ಚಿಡಬೇಡಿ ಎಂದು ನಾನು ಊರೂರಿಗೆ ಹೋಗಿ ಭಾಷಣ ಮಾಡುತ್ತಿದ್ದೆ. ಹಾಗೆ ಹೇಳುವ ಯೋಗ್ಯತೆ ನನಗೆ ಎಳ್ಳಷ್ಟೂ ಇರಲಿಲ್ಲ ಎಂಬುದನ್ನು ನಿಮ್ಮೆದುರು ಒಪ್ಪಿಕೊಂಡುಬಿಡುತ್ತೇನೆ. ನನಗೆ ಕೆಂಪು ಯಾವುದು, ಹಸಿರು ಯಾವುದು ತಿಳಿಯುವುದಿಲ್ಲ. ಎರಡೂ ಒಣಗಿದ ಸಗಣಿಯ ಬಣ್ಣದಲ್ಲೇ ಕಾಣುತ್ತವೆ. ತಾಯಿಯ ಕಡೆಯಿಂದ ಬಂದ ಬಳುವಳಿ ಇದು. ನನ್ನ ಸೋದರಮಾವನಿಗೂ ಇತ್ತು. ಹೆಣ್ಣು ನೋಡಲು ಗರಗಕ್ಕೆ ಹೋದಾಗ ಅವ್ವ ಬಸ್ಸಿನಲ್ಲೇ ಎಚ್ಚರಿಸಿದ್ದಳು: "ಸೀರಿ ಛಲೋ ಐತಿ ಅಂತಷ್ಟ ಅನ್ನು. ಬಣ್ಣದ ಸುದ್ದಿಗೆ ಹೋಗಬ್ಯಾಡ." ನಾನು ಹೋಗಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಹೋಗಿರಲಿಲ್ಲ. ಸಿಗ್ನಲ್ಲಿನಲ್ಲಿ ದೀಪ ಮೇಲಿದೆಯೋ ಕೆಳಗಿದೆಯೋ ನೋಡಿ ಗಾಡಿ ಓಡಿಸುತ್ತೇನೆ. ಟೊಮೇಟೊವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಆರಿಸುವ ನನ್ನನ್ನು ಗೋಪನಕೊಪ್ಪದ ಕಾಯಿಪಲ್ಲೆಯವಳು ಮೊದಲು ಬಯ್ಯುತ್ತಿದ್ದಳು. ಈಗ ದೂರದಿಂದ ಕಂಡಕೂಡಲೇ ಬುಟ್ಟಿಯ ಮೇಲೆ ಗೋಣಿಚೀಲ ಎಳೆಯುತ್ತಾಳೆ.

ಹೀಗಿರುವಾಗ ರಿಜಿಸ್ಟರಿಗೆ ಮೊದಲ ಬೇಟೆ ಸಿಕ್ಕಿತು, ಅದೂ ನನ್ನ ಮಾವನ ಅಂಗಳದಲ್ಲಿ. ಗರಗದಲ್ಲಿರುವ ಮಾವ ಚನ್ನಬಸಪ್ಪನವರ ಹತ್ತಿರ ಸರದಾರ ಎಂಬ ಹೋರಿ ಇದೆ. ಸುತ್ತಲಿನ ಊರುಗಳ ಆಕಳುಗಳಿಗೆಲ್ಲ ತಳಿಯ ಹೋರಿಯೊಂದನ್ನು ಸಂಘ ಆ ತಿಂಗಳ ಕೊನೆಗೆ ಆರಿಸುವುದಿತ್ತು. ಅದು ಸರದಾರನೇ ಆಗಬೇಕೆಂದು ಮಾವ ಪಟ್ಟು ಹಿಡಿದು ಕೂತಿದ್ದರು. ಅಷ್ಟರಲ್ಲಿ ಅವರ ನೆರೆಮನೆಯ ನೀಲವ್ವನ ಆಕಳು ಗೌರಿ, ಸರದಾರನಿಂದಲೇ ಗಬ್ಬಾಗಿ, ಕರು ಹಾಕಿತು. ಕರುವಿನ ಮುಂಗಾಲುಗಳ ಗೊರಸು ಸೀಳಿರಲಿಲ್ಲ. ಕುದುರೆಯ ಗೊರಸಿನಂತೆ ಕೂಡಿಕೊಂಡಿತ್ತು. ನಾಲ್ಕು ಹೆಜ್ಜೆ ಇಟ್ಟರೆ ಮುಗ್ಗರಿಸುತ್ತಿತ್ತು.

"ಅಳಿಯಾರ, ನಮ್ಮ ಸರದಾರನ ಗೊರಸು ನೋಡ್ರಿ. ಇದರಾಗ ಏನರೆ ಊನ ಕಾಣತೈತೇನು? ದೋಷ ಇರೂದು ಆಕಿ ಆಕಳದಾಗ" ಎಂದರು ಮಾವ.

"ನಮ್ಮ ಗೌರಿ ಹಿಂದ ನಾಕು ಕರಾ ಹಾಕೇತ್ರಿ, ನಾಕೂ ಜಿಗದಾಡಕೋತ ಬೆಳದಾವು. ನಿಮ್ಮ ಹೋರಿ ಕಡೆ ಬಿಟ್ಟ ಮ್ಯಾಲ ಹಿಂಗಾತು" ಎಂದಳು ನೀಲವ್ವ.

ನನ್ನ ಭಾಷಣಕ್ಕೆ ಇಷ್ಟು ಹಸಿದ ಸಭೆ ಹಿಂದೆಂದೂ ಸಿಕ್ಕಿರಲಿಲ್ಲ. ಹೋರಿಯಲ್ಲಿ ಈ ಊನ ಕಾಣದೆ ಅಡಗಿರಬಹುದು, ಆಕಳಲ್ಲೂ ಅಡಗಿರಬಹುದು, ಎರಡೂ ಕಡೆಯಿಂದ ಬಂದರೆ ಮಾತ್ರ ಕರುವಿನಲ್ಲಿ ಹೊರಬೀಳುತ್ತದೆ, ಬಾಲದ ಕೂದಲನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಸತ್ಯ ತಿಳಿಯುತ್ತದೆ ಎಂದೆಲ್ಲ ಬಿಡಿಸಿ ಹೇಳಿದೆ. ಮಾವ ಒಲ್ಲದ ಮನಸ್ಸಿನಿಂದ ಒಪ್ಪಿದರು. ಆದರೆ ನನಗೆ ರಜೆ ಇರುವುದು ಸೋಮವಾರ. ಸೋಮವಾರ ಬಸವಣ್ಣನಿಗೆ ನೊಗ ಹೂಡುವುದಿಲ್ಲ, ಬಾರುಕೋಲು ಎತ್ತುವುದಿಲ್ಲ. ಇನ್ನು ಕೂದಲು ಕೀಳುವುದೆಂದರೇನು? "ಕತ್ತರಿಲೆ ತಗೋರಿ, ಅದಕ್ಕ ಗೊತ್ತೂ ಆಗೂದಿಲ್ಲ" ಎಂದು ಮಾವ ತಾವೇ ನಯವಾಗಿ ಕತ್ತರಿಸಿಕೊಟ್ಟರು. ಬೇರು ಸಮೇತ ಕೀಳಬೇಕೆಂಬುದು ಕಾರ್ಯದರ್ಶಿಗೆ ಗೊತ್ತಿತ್ತು. ಹೇಳುವ ಧೈರ್ಯ ಅಳಿಯನಿಗಿರಲಿಲ್ಲ. ಬೇರಿಲ್ಲದ ಕೂದಲು ಕೆಲಸಕ್ಕೆ ಬಾರದು ಎಂದು ಎಂಟು ದಿನಗಳಲ್ಲಿ ಓಲೆ ಬಂತು. ಮುಂದೆ ಒಂದು ಮಂಗಳವಾರ ರಜೆ ಹಾಕಿ ಹೋದೆ. ಒಂದೊಂದು ಕೂದಲು ಕಿತ್ತಾಗಲೂ ಮಾವ ಸರದಾರನಿಗೆ ಕೈಮುಗಿದರು. ಸರದಾರ ಮಾತ್ರ ಬಾಲವನ್ನು ನನ್ನ ಮುಖಕ್ಕೇ ಬೀಸಿದ. ಗೌರಿಯ ಬಾಲದ ಕೂದಲನ್ನು ನೀಲವ್ವ ತಾನೇ ಕಿತ್ತುಕೊಟ್ಟಳು.

ಫಲಿತಾಂಶ ಮೊಬೈಲಿಗೆ ಬಂದ ದಿನ ನಾನೂ ಹೆಂಡತಿ ಗಿರಿಜೆಯೂ ಗರಗದಲ್ಲೇ ಇದ್ದೆವು. ಅಂಗಳದಲ್ಲಿ ಮಾವ, ನೀಲವ್ವ, ಆ ಮುಗ್ಗರಿಸುವ ಕರು ಎಲ್ಲರೂ ಸೇರಿದ್ದರು. ಮೊಬೈಲು ತೆಗೆದು ನೋಡಿದೆ. ಎರಡು ದನಗಳ ಕಿವಿಗೆ ಹಾಕಿದ ಬಿಲ್ಲೆಯ ನಂಬರು, ಅವುಗಳ ಮುಂದೆ ಒಂದೊಂದು ಬೊಟ್ಟು. ಕೆಳಗೆ ಸೂಚನೆ: ಹಸಿರಿದ್ದರೆ ನಿರ್ದೋಷ, ಕೆಂಪಿದ್ದರೆ ದೋಷದ ವಾಹಕ. ನನ್ನ ಕಣ್ಣಿಗೆ ಎರಡು ಬೊಟ್ಟುಗಳೂ ಸಗಣಿಯ ಬಣ್ಣದವು.

"ಲಗೂ ಹೇಳ್ರಿ" ಎಂದರು ಮಾವ. ಅವರ ಮುಖದಲ್ಲಿ ಎಂಥ ಆಸೆಯಿತ್ತೆಂದರೆ, "ಎರಡೂ ಹಸಿರು" ಎಂದುಬಿಟ್ಟೆ.

ಮಾವ ಒಳಗೆ ಹೋಗಿ ಮೊದಲೇ ತಂದಿಟ್ಟಿದ್ದ ಚೆಂಡುಹೂವಿನ ಹಾರವನ್ನು ತಂದು ಸರದಾರನ ಕೊರಳಿಗೆ ಹಾಕಿದರು. ನೀಲವ್ವ ಮಾತ್ರ ಕರುವನ್ನೇ ನೋಡುತ್ತಿದ್ದಳು. "ಸಾಹೇಬ್ರ, ಎರಡೂ ಕಡಿಂದ ಬಂದ್ರಷ್ಟ ಹಿಂಗ ಹುಟ್ಟತಾವು ಅಂತ ನೀವ ಹೇಳಿದ್ರಿ. ಎರಡೂ ಚೊಕ್ಕ ಇದ್ರ ಇದು ಹೆಂಗ ಹುಟ್ಟಿತ್ರಿ?" ಎಂದು ಕೇಳಿದಳು.

ನನ್ನ ಭಾಷಣವನ್ನು ನಾನೇ ಗಮನವಿಟ್ಟು ಕೇಳಿದ್ದರೆ ಬಣ್ಣ ನೋಡುವ ಅಗತ್ಯವೇ ಇರಲಿಲ್ಲ. ಪ್ರಯೋಗಾಲಯದವರೇ ತಪ್ಪು ಮಾಡಿರಬೇಕು ಎಂಬ ಮಾತು ತುದಿನಾಲಿಗೆಗೆ ಬಂದಿತ್ತು. ಅಷ್ಟರಲ್ಲಿ ಕರು ಎದ್ದು ಎರಡು ಹೆಜ್ಜೆಯಿಟ್ಟು ನನ್ನ ಕಾಲ ಬಳಿಯೇ ಮುಗ್ಗರಿಸಿ ಬಿತ್ತು. ನನ್ನ ಒಂದು ಸುಳ್ಳಿನಿಂದ ಇಂಥವು ಇನ್ನೆಷ್ಟು ಅಂಗಳಗಳಲ್ಲಿ ಬೀಳಬೇಕೋ ಎಂದು ನೆನೆದು ನಿಜವಾಗಿಯೂ ನಾಚಿಕೆಯಾಯಿತು. "ನನಗ ಕೆಂಪು ಹಸರು ಗೊತ್ತಾಗೂದಿಲ್ರಿ. ಹುಟ್ಟಿದಾಗಿಂದ" ಎಂದೆ.

ಗಿರಿಜೆ ಮೊಬೈಲು ತೆಗೆದುಕೊಂಡು ನೋಡಿ, "ಎರಡೂ ಕೆಂಪ ಅದಾವಪ್ಪಾ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಮದಿವ್ಯಾದ ಮೂರನೇ ದಿನಾನ ನಿಮ್ಮ ಪರೀಕ್ಷಾ ಮಾಡೇನಿ. ಹಸರು ಸೀರಿ ಉಟ್ಟು, ಈ ಕೆಂಪ ಸೀರಿ ಹೆಂಗೈತ್ರಿ ಅಂತ ಕೇಳಿದ್ದೆ. ಕೆಂಪ ನಿನಗ ಬಾಳ ಒಪ್ಪತೈತಿ ಅಂದ್ರಿ. ವರದಿ ಕೊಡಲಿಲ್ಲ, ಅಷ್ಟ" ಎಂದಳು. ನನ್ನ ಇಪ್ಪತ್ತು ವರ್ಷಗಳ ಜಾಣತನವೆಲ್ಲ ಆ ಅಂಗಳದಲ್ಲಿ ಕರಗಿಹೋಯಿತು.

ಮಾವ ಬಹಳ ಹೊತ್ತು ಸರದಾರನ ಬೆನ್ನು ಸವರುತ್ತ ನಿಂತಿದ್ದರು. ಅವರ ಕಣ್ಣು ತುಂಬಿದ್ದು ನನಗೆ ಚೆನ್ನಾಗಿಯೇ ಕಂಡಿತು. ಅದಕ್ಕೆ ಬಣ್ಣ ತಿಳಿಯಬೇಕಾಗಿರಲಿಲ್ಲ. ಹಾರವನ್ನು ಮಾತ್ರ ಅವರು ತೆಗೆಯಲಿಲ್ಲ. ಕೊನೆಗೆ, "ಬರಕೋರಿ ನಿಮ್ಮ ರಿಜಿಸ್ಟರದಾಗ. ನಮ್ಮ ಸರದಾರನ ಹೆಸರ ಮೊದಲ ಇರಲಿ. ಅದರ ಕೆಳಗ ನಿಮ್ಮದೂ ಬರೀರಿ" ಎಂದರು. ನೀಲವ್ವ ಗೌರಿಯ ಹೆಸರನ್ನೂ ಬರೆಸಿದಳು.

ಈಗ ಸರದಾರನಿಗೆ ತಳಿಯ ಸೇವೆಯಿಂದ ನಿವೃತ್ತಿ. ಆದರೂ ಅವನನ್ನು ನೋಡಲು ಜನ ಬರುತ್ತಾರೆ. ಮುಚ್ಚಿಡದೆ ಹೇಳಿದವರೆಂದು ಮಾವನ ಹೆಸರು ಸುತ್ತಲಿನ ಊರಲ್ಲೆಲ್ಲ ಹಬ್ಬಿದೆ. ರಿಜಿಸ್ಟರಿನ ಎರಡನೆಯ ಪುಟವೂ ತುಂಬುತ್ತ ಬಂದಿದೆ. ಬಂದವರಿಗೆ ಮಾವ ಮೊದಲು ಹೋರಿಯನ್ನು, ಆಮೇಲೆ ನಾನಲ್ಲಿದ್ದರೆ ನನ್ನನ್ನು ತೋರಿಸುತ್ತಾರೆ. "ಹೋರಿದು ಕೂದಲ ಕಿತ್ತು ನೋಡಿ ಗೊತ್ತಾತ್ರಿ. ನಮ್ಮ ಅಳಿಯಾರು ತಾವ ಬಾಯಿಬಿಟ್ಟು ಹೇಳಿದ್ರು. ಮತ್ತೇನ ಮಾಡತಾರ್ರಿ, ಅವರ ತಲಿಮ್ಯಾಲ ಕೀಳಾಕ ಕೂದಲರೆ ಎಲ್ಲೈತಿ?"

ಬಂದವರೆಲ್ಲ ನನ್ನ ಬೋಳುತಲೆ ನೋಡಿ ನಗುತ್ತಾರೆ. ನಗಲಿ. ಆ ಒಂದು ಊನವನ್ನಂತೂ ನಾನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ.