ಸಾಹೇಬರ ಅಳತೆಯ ಊರು

"ಇನ್ನು ಮೇಲೆ ನನ್ನ ಊರಲ್ಲಿ ಒಂದೇ ಅಳತೆ!" ಎಂದು ಕನ್ನಡಕದಂಗಡಿಯ ಯಜಮಾನರು ಊಟದ ಮೇಜು ಗುದ್ದಿ ಘೋಷಿಸಿದರು. ಅವರ ಊರು ಎಂದರೆ ಮನೆಯ ಹಿಂದಿನ ಕೋಣೆಯನ್ನು ಪೂರ್ತಿ ನುಂಗಿ ಕೂತಿದ್ದ ಮಾದರಿ ರೈಲಿನ ಊರು. ಹಳಿ, ನಿಲ್ದಾಣ, ಸೇತುವೆ, ಅಂಚೆ ಕಚೇರಿ ಎಲ್ಲವೂ ಅಂಗೈ ಅಗಲದಲ್ಲಿ. ಅದನ್ನು ಆಟಿಕೆ ಎಂದು ಕರೆದ ಗಿರಾಕಿಯ ಕನ್ನಡಕ ತಯಾರಾಗಲು ವಾರ ಹೆಚ್ಚೇ ಹಿಡಿಯುತ್ತಿತ್ತು.

ಘೋಷಣೆಗೆ ಕಾರಣವಿತ್ತು. ರೈಲು ನಿಜವಾದ ರೈಲಿನ ಎಂಬತ್ತೇಳರಲ್ಲಿ ಒಂದು ಪಾಲು. ಅದಕ್ಕೆ ಹೊಂದಲೆಂದು ತಂದ ಬಸ್ಸು, ಲಾರಿ, ಕಾರುಗಳ ಡಬ್ಬಿಗಳ ಮೇಲೂ ಅದೇ ಲೆಕ್ಕ ಅಚ್ಚಾಗಿತ್ತು. ಆದರೆ ಡಬ್ಬಿಯಿಂದ ತೆಗೆದು ಸಾಲಾಗಿ ನಿಲ್ಲಿಸಿದರೆ ಡಾಕ್ಟರ ಕಾರು ಬಸ್ಸಿಗಿಂತ ಎತ್ತರ! ಬೆಂಕಿ ಆರಿಸುವ ಲಾರಿಯನ್ನು ಸ್ಕೂಟರಿನ ಹಿಂದಿನ ಸೀಟಿಗೆ ಕಟ್ಟಿಕೊಂಡು ಹೋಗಬಹುದು! ಹೆಂಡತಿ ಬಾಗಿಲಲ್ಲೇ ನಿಂತು ಇಣುಕಿ, "ಕಾರಿಗೆ ಬಸ್ಸು ಹುಟ್ಟಿದ ಹಾಗಿದೆ" ಎಂದು ಹೇಳಿ ಹೋಗಿದ್ದಳು.

ಡಬ್ಬಿಯ ಮಾತು ನಂಬುವ ಕಾಲ ಮುಗಿಯಿತು. ಯಜಮಾನರು ಮಾದರಿ ಅಂಗಡಿಯಿಂದ ಒಬ್ಬ ಪ್ಲಾಸ್ಟಿಕ್ ಮನುಷ್ಯನನ್ನು ತಂದರು. ಕರಿ ಕೋಟು, ಟೊಪ್ಪಿ, ಕೈಯಲ್ಲೊಂದು ಚೀಲ. ಎತ್ತರ ಹೆಬ್ಬೆರಳಿನ ಉಗುರಿಗಿಂತ ಒಂದಿಷ್ಟು ಹೆಚ್ಚು. ಅವನಿಗೆ ಸಾಹೇಬರು ಎಂದು ಹೆಸರಿಟ್ಟರು. ಇನ್ನು ಯಾವ ವಾಹನವೇ ಆಗಲಿ ಸಾಹೇಬರ ಪಕ್ಕ ನಿಲ್ಲಬೇಕು, ಬಾಗಿಲ ಹಿಡಿ ಸಾಹೇಬರ ಕೈಗೆ ಎಟುಕಿದರೆ ಪಾಸು, ಇಲ್ಲವಾದರೆ ಗಡೀಪಾರು. ಸ್ಕೇಲ್ ಇಟ್ಟು ಅಳೆದರಾಗದೇ ಎಂದು ಹೆಂಡತಿ ಕೇಳಿದ್ದಕ್ಕೆ, ಊರು ಇರುವುದು ಮನುಷ್ಯರಿಗಾಗಿಯೇ ಹೊರತು ಸ್ಕೇಲಿಗಾಗಿ ಅಲ್ಲ ಎಂದು ಅವಳ ಬಾಯಿ ಮುಚ್ಚಿಸಿದರು.

ಆದರೆ ಸಾಹೇಬರು ಅಧಿಕಾರ ವಹಿಸಿಕೊಳ್ಳುವ ಮುಂಚೆಯೇ ಅಂಗಿಯ ಜೇಬಿನಲ್ಲಿ ಕೂತು ವಾಷಿಂಗ್ ಮೆಷಿನ್ ಸೇರಿದರು. ಯಜಮಾನರು ಊಟ ಬಿಟ್ಟರು. ಮರುದಿನ ಸಂಜೆ ಹೆಂಡತಿ ಸಾಹೇಬರನ್ನು ತಂದು ಅವರ ಅಂಗೈಯಲ್ಲಿಟ್ಟಾಗ ಯಜಮಾನರ ಕಣ್ಣು ಒದ್ದೆಯಾಯಿತು. ಸ್ನಾನ ಮಾಡಿ ಎಷ್ಟು ಕಳೆ ಬಂದಿದೆ, ಮೈಕೈ ಕೂಡ ತುಂಬಿಕೊಂಡಿದೆ ಎಂದು ಕೊಂಡಾಡಿದರು. ಹೆಂಡತಿ ಏನೋ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

ಆಮೇಲೆ ನಡೆದದ್ದು ಸಾಹೇಬರ ದರ್ಬಾರು. ಹಳೆಯವನ್ನು ಬದಿಗಿಟ್ಟು ಹೊಸದಾಗಿ ತಂದ ವಾಹನಗಳೆಲ್ಲ ನಪಾಸು! ಯಾವುದರ ಹಿಡಿ ನೋಡಿದರೂ ಸಾಹೇಬರ ತೊಡೆಯ ಮಟ್ಟದಲ್ಲಿ. ತಿರಸ್ಕೃತರನ್ನೆಲ್ಲ ಯಜಮಾನರು ರಟ್ಟಿನ ಪೆಟ್ಟಿಗೆಗೆ ತುಂಬಿ ಭಾವಮೈದನಿಗೆ ದಾನ ಮಾಡಿದರು. ಹೆಂಡತಿಯ ಈ ತಮ್ಮ ವಿಮೆ ಏಜೆಂಟು, ಅವನಿಗೂ ಇದೇ ಅಳತೆಯ ರೈಲಿನ ಹುಚ್ಚು, ಆದರೆ ಶಿಸ್ತಿಲ್ಲ ಎಂಬುದು ಯಜಮಾನರ ದೂರು.

ಅದೇ ದಿನಗಳಲ್ಲಿ ಹೆಂಡತಿ ಒಂದು ನೀಲಿ ವ್ಯಾನು ತಂದಳು. ಅವಳ ಅಪ್ಪ ಬೇಕರಿಗೆ ಓಡಿಸುತ್ತಿದ್ದ ವ್ಯಾನು ಥೇಟ್ ಇದೇ ಬಣ್ಣದ್ದು. ಅಂಗಡಿ ಅಂಗಡಿ ಅಲೆದು ಹುಡುಕಿದ್ದಳು. ನಿಲ್ದಾಣದ ಮುಂದೆ ನಿಲ್ಲಿಸಬೇಕೆಂಬ ಅವಳ ಆಸೆ ಮುಖದ ಮೇಲೇ ಇತ್ತು. ಯಜಮಾನರು ಸಾಹೇಬರನ್ನು ಜೇಬಿನಿಂದ ತೆಗೆದು ಪಕ್ಕದಲ್ಲಿಟ್ಟರು.

"ಸಾಹೇಬರು ಒಪ್ತಾ ಇಲ್ಲ ಕಣೇ."

"ನೀವು?"

"ನಾನು ಯಾರು ಒಪ್ಪೋದಕ್ಕೆ?"

ಅವಳು ವ್ಯಾನನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನ ಡಬ್ಬಿಯ ಪಕ್ಕ ನಿಲ್ಲಿಸಿದಳು.

ಕೊನೆಗೆ ಸಾಹೇಬರಿಗೆ ತಕ್ಕ ದಪ್ಪದಪ್ಪ ವಾಹನಗಳು ಸಿಕ್ಕವು, ಆದರೆ ಬಸ್ಸು ಸೇತುವೆಯ ಕೆಳಗೆ ತೂರಲಿಲ್ಲ. ಯಜಮಾನರು ಸೇತುವೆಯನ್ನೇ ಎತ್ತರಿಸಿದರು. ಸೇತುವೆಯ ಮುಂದೆ ಅಂಚೆ ಕಚೇರಿ ಕುಳ್ಳಾಗಿ ಕಂಡಿತು, ಅದಕ್ಕೊಂದು ಮಹಡಿ ಎಬ್ಬಿಸಿದರು. ಆಮೇಲೆ ದೀಪದ ಕಂಬ, ಮರ, ಬೇಲಿ, ಕೊನೆಗೆ ನಾಯಿ! ಹೀಗೆ ಇಡೀ ಊರು ಸಾಹೇಬರ ಎತ್ತರಕ್ಕೆ ಬೆಳೆದು ನಿಂತಿತು. ಒಂದನ್ನು ಮಾತ್ರ ಅವರು ಅಳೆಯಲಿಲ್ಲ. ರೈಲನ್ನು ಯಾರಾದರೂ ಅನುಮಾನಿಸುತ್ತಾರೆಯೇ?

ಭಾನುವಾರ ಭಾವಮೈದನನ್ನು ಉದ್ಘಾಟನೆಗೆ ಕರೆದರು. ಅವನ ಮುಂದೆ ಗೆಲ್ಲುವುದು ಯಜಮಾನರಿಗೆ ಮಾನದ ಪ್ರಶ್ನೆಯಾಗಿತ್ತು. ಸಾಹೇಬರನ್ನು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಲ್ಲಿಸಿ ಸ್ವಿಚ್ ಒತ್ತಿದರು. ರೈಲು ಗಾಂಭೀರ್ಯದಿಂದ ಬಂದು ಸಾಹೇಬರ ಮುಂದೆಯೇ ನಿಂತಿತು. ಬಾಗಿಲು ಸಾಹೇಬರ ಗಲ್ಲದವರೆಗೆ ಮಾತ್ರ ಬಂದಿತ್ತು.

ಭಾವಮೈದ ಬಗ್ಗಿ ನೋಡಿದ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

"ಭಾವ, ಇವರು ಮಂಡಿಯೂರಿಕೊಂಡು ರೈಲು ಹತ್ತಬೇಕಾ?"

ಸಾಹೇಬರು ಹಾಗೆಲ್ಲ ಬಗ್ಗುವವರಲ್ಲ ಎನ್ನಲು ಹೊರಟ ಯಜಮಾನರು ಊರಿನ ಮೇಲೊಮ್ಮೆ ಕಣ್ಣು ಹಾಯಿಸಿದರು. ಮಹಡಿ ಏರಿದ ಅಂಚೆ ಕಚೇರಿ, ಎತ್ತರದ ಸೇತುವೆ, ಎಮ್ಮೆಯಷ್ಟಿದ್ದ ನಾಯಿ, ಇವುಗಳ ನಡುವೆ ಅವರ ಮುದ್ದಿನ ರೈಲು ದಾರಿ ತಪ್ಪಿ ಬಂದ ಮಗುವಿನಂತೆ ನಿಂತಿತ್ತು. ನೀವು ಕೊಟ್ಟ ಪೆಟ್ಟಿಗೆಯ ವಾಹನಗಳೆಲ್ಲ ನನ್ನ ರೈಲಿಗೆ ಅಳೆದು ಮಾಡಿಸಿದ ಹಾಗಿವೆ, ಬಹಳ ಉಪಕಾರವಾಯಿತು ಎಂದು ಭಾವಮೈದ ಕೈಮುಗಿದ. ಅವನು ನಿಜವಾಗಿಯೂ ಕೃತಜ್ಞತೆಯಿಂದಲೇ ಹೇಳಿದ್ದ, ಅದೇ ಹೆಚ್ಚು ಚುಚ್ಚಿತು.

ಅವನು ಹೋದ ಮೇಲೆ ಹೆಂಡತಿ ಬಾಯಿಬಿಟ್ಟಳು. ಮೊದಲ ಸಾಹೇಬರು ಮೆಷಿನ್ನಿನ ನೀರಿನ ಜೊತೆ ಮೋರಿ ಸೇರಿದ್ದರು. ಇವರು ಬೇರೆ ಅಂಗಡಿಯಿಂದ ಅವಳು ತಂದ ಬದಲಿ.

"ಮೊದಲೇ ಹೇಳಬಾರದಿತ್ತಾ?"

"ಹೇಳೋಣ ಅಂತ ಬಾಯಿ ತೆರೆದೆ. ನೀವು ಅವರನ್ನ ಮುದ್ದಾಡ್ತಾ ಇದ್ರಿ. ಆಮೇಲೆ ಅವರೇ ನನ್ನ ವ್ಯಾನು ಬೇಡ ಅಂದ್ರು. ನಾನೇ ತಂದ ಮನುಷ್ಯ, ನನ್ನನ್ನೇ ಒಪ್ಪಲಿಲ್ಲ. ಸಿಟ್ಟು ಬಂತು, ಸುಮ್ಮನಾದೆ."

ಯಜಮಾನರಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ನಾಚಿಕೆಯೇ ಹೆಚ್ಚು. ಅಡುಗೆಮನೆಗೆ ಹೋಗಿ, ಆ ನೀಲಿ ವ್ಯಾನು ಕೊಡುತ್ತೀಯಾ ಎಂದು ಮೆತ್ತಗೆ ಕೇಳಿದರು. ಅವಳು ಸೆರಗಿನಿಂದ ಒರೆಸಿ ಕೊಟ್ಟಳು. ನಿಲ್ದಾಣದ ಮುಂದೆ ಇಟ್ಟರೆ ಅದು ರೈಲಿಗೆ ಹೇಳಿ ಮಾಡಿಸಿದಂತಿತ್ತು. ಇಡೀ ಊರಿನಲ್ಲಿ ಸರಿಯಾದ ಅಳತೆಯದು ಅದೊಂದೇ. ಇಬ್ಬರೂ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು.

ಕೆಲಸ ಕಳೆದುಕೊಂಡ ಸಾಹೇಬರನ್ನು ಎಸೆಯಲು ಯಜಮಾನರಿಗೆ ಮನಸ್ಸು ಬರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ, ವ್ಯಾನು ಇದ್ದ ಜಾಗದಲ್ಲೇ ನಿಲ್ಲಿಸಿದರು. ಹೆಂಡತಿ ಸಾಹೇಬರನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

"ಇರಲಿ ಬಿಡಿ. ಆದರೆ ನಾಳೆ ಬಂದು ಉಪ್ಪಿನ ಡಬ್ಬಿ ದೊಡ್ಡದಾಯ್ತು ಅಂತ ಮಾತ್ರ ಹೇಳಬೇಡಿ."