ಮೇಷ್ಟ್ರ ಕಾರಿನ ಕ್ಲಚ್ಚು

ಹಳೇ ಕಾರು ರಿಪೇರಿಗೆ ಬಂದರೆ ಅದರ ಯಜಮಾನರನ್ನೂ ಒಂದಷ್ಟು ರಿಪೇರಿ ಮಾಡಬೇಕಾಗುತ್ತದೆ. ಮಾಲೂರಿನಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ತಲೆ ತಿನ್ನುವುದಕ್ಕೆ ಟೇಕಲ್‌ನ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರೇ ಸಾಕು. ಅವರದು ಸ್ಟೀರಿಂಗ್ ಪಕ್ಕದಲ್ಲೇ ಗೇರಿನ ಹಿಡಿ ಇರುವ ಕಾಲದ ಕಾರು. ಅದೆಂದರೆ ಅವರಿಗೆ ಪ್ರಾಣ. ಆದರೆ ಈ ಸಲ ಅವರ ಹೆಂಡತಿ, "ಇನ್ನೊಂದ್ಸಲ ನಡುರಸ್ತೇಲಿ ನಿಂತ್ರೆ ಗುಜರಿಗೆ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

೧. ಫೋನಿನಲ್ಲಿ

"ಗೇರು ಬೀಳ್ತಿಲ್ಲ ಕಣಯ್ಯಾ. ಸೌಂಡ್ ಬೇರೆ ಬರ್ತಿದೆ."

"ಎಂಥಾ ಸೌಂಡು ಸಾರ್? ಗರ್ರ್ ಅಂತಾನಾ?"

"ಗರ್ರ್ ಅಲ್ಲ, ಘರ್ರ್. ಮಹಾಪ್ರಾಣ!"

"ಸಾರ್, ಗಾಡಿ ತಗೊಂಬನ್ನಿ, ನೋಡಣ."

"ಗೇರು ಬಿದ್ದಿದ್ರೆ ನಿನಗ್ಯಾಕೆ ಫೋನ್ ಮಾಡ್ತಿದ್ದೆ?"

೨. ಚಾಪೆ

ನಾನೇ ಟೇಕಲ್‌ಗೆ ಹೋದೆ. ಕ್ಲಚ್ ಕೇಬಲ್ ಹಿಗ್ಗಿದೆ ಎಂದುಕೊಂಡು ಹೊಸದು ಹಾಕಿದೆ. ಆದರೂ ಘರ್ರ್. ಅಡ್ಜಸ್ಟ್ ಮಾಡಿದೆ, ಗೇರಿನ ರಾಡುಗಳನ್ನೆಲ್ಲ ಬಿಚ್ಚಿ ಗ್ರೀಸ್ ಹಚ್ಚಿ ಜೋಡಿಸಿದೆ. ಮತ್ತೂ ಘರ್ರ್. ಬೆಳಗಿನಿಂದ ಮಧ್ಯಾಹ್ನದವರೆಗೆ ಕಾರಿನ ಕೆಳಗೆ ಮಲಗಿ ಬೆನ್ನು ಬಿದ್ದುಹೋಯಿತು. ಕೊನೆಗೆ ಸುಸ್ತಾಗಿ ಸೀಟಿನಲ್ಲಿ ಕೂತು ಕೆಳಗೆ ನೋಡಿದರೆ, ಪೆಡಲ್ ಅಡಿಯಲ್ಲಿ ನಾಲ್ಕು ಮಡಿಕೆ ಮಾಡಿದ ಗೋಣಿಚೀಲ, ಅದರ ಮೇಲೊಂದು ಚಾಪೆ! ಪೆಡಲ್ ಅರ್ಧಕ್ಕೇ ನಿಲ್ಲುತ್ತಿತ್ತು.

"ಇದೇನ್ ಸಾರ್?"

"ಮಂಡಿ ನೋವಪ್ಪ. ಕಾಲು ಅಷ್ಟು ಕೆಳಗೆ ಹೋಗಲ್ಲ."

"ಮೊದ್ಲೇ ಹೇಳಬಾರ್ದಾ?"

"ನೀನು ಕ್ಲಚ್ ವಿಷಯ ಕೇಳ್ದೆ. ಚಾಪೆ ವಿಷಯ ಎಲ್ಲಿ ಕೇಳ್ದೆ?"

೩. ಟ್ರಯಲ್

ಚಾಪೆ, ಗೋಣಿಚೀಲ ಎರಡನ್ನೂ ತೆಗೆದು ಹಾಕಿದೆ. ಮಂಡಿ ನೋವಿನ ಮೇಷ್ಟ್ರು ಬೇಡವೆಂದು ಟ್ರಯಲ್‌ಗೆ ಅವರ ಮೈಸೂರಿನ ಅಳಿಯ ಸ್ಟೀರಿಂಗ್ ಹಿಡಿದರು. ಅವರ ಸ್ವಂತ ಕಾರಿನಲ್ಲಿ ಗೇರು ತಾನಾಗೇ ಬೀಳುತ್ತದೆ, ಕ್ಲಚ್ಚೇ ಇಲ್ಲ. ಪಕ್ಕದಲ್ಲಿ ಮೇಷ್ಟ್ರು ಕೂತರು. ಹಿಂದೆ ತೀರ್ಪು ಕೊಡಲು ಅಮ್ಮಾವ್ರು, ಸೌಂಡ್ ಕೇಳಲು ನಾನು.

ಮಾಲೂರು ರಸ್ತೆಯವರೆಗೆ ಬೆಣ್ಣೆಯ ಹಾಗೆ ಹೋಯಿತು. ಹಂಪ್ ಬಂತು. ಅಳಿಯ ಕ್ಲಚ್ ಮರೆತು ಗೇರಿಗೆ ಕೈ ಹಾಕಿದರು. ಘರ್ರ್! ಮೇಷ್ಟ್ರಿಗೆ ಜೀವ ಬಾಯಿಗೆ ಬಂತು. ಜೀವಮಾನವಿಡೀ ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತೆಲುಗು ಆಡಿದವರು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಮನೆಮಾತು. ಅಳಿಯ ಎಂಬ ಮರ್ಯಾದೆಯನ್ನೂ ಮರೆತು, "ತೊಕ್ಕು! ತೊಕ್ಕು!" ಎಂದು ಕೂಗಿದರು. ತುಳಿ ಎಂದು ಅರ್ಥ.

ತೆಲುಗು ಬಾರದ ಅಳಿಯ ಹಿಂದೆ ತಿರುಗಿ, "ಅತ್ತೆ, ಮಾವಂಗೆ ತೊಕ್ಕು ಬೇಕಂತೆ. ಮಾವಿನಕಾಯಿದು ತಂದಿದೀರಾ?" ಎಂದರು.

ಕಾರು ಎರಡು ಸಲ ಕುಲುಕಿ ಆಫ್ ಆಯಿತು. ಸರಿಯಾಗಿ ನಡುರಸ್ತೆಯಲ್ಲಿ. ಹಿಂದಿನ ಲಾರಿಯವನು ಹಾರ್ನ್ ಒತ್ತಿದ. ಮೇಷ್ಟ್ರ ಮುಖ ಸಣ್ಣದಾಯಿತು.

"ಅಮ್ಮಾ, ಕಾರಿಂದು ತಪ್ಪಿಲ್ಲ" ಎಂದೆ.

"ಗೊತ್ತಾಯ್ತು ಬಿಡಪ್ಪ," ಎಂದರು ಅಮ್ಮಾವ್ರು. "ಊರಿಗೆಲ್ಲ ಕನ್ನಡ ಕಲಿಸಿದೋರಿಗೆ, ಅಳಿಯನ ಹತ್ರ 'ತುಳಿ' ಅನ್ನಕ್ಕಾಗ್ಲಿಲ್ಲ. ಕಾರು ಇರ್ಲಿ. ಗುಜರಿಯೋನು ಇವರನ್ನ ತಗೋತಾನಾ, ಸ್ವಲ್ಪ ವಿಚಾರ್ಸು."